ನೆಲ ನೋಡಿ ಚೈನು ಬಿಗಿಸು

ಆ ಬುಲ್ಡೋಜರನ್ನು ವಿಶಾಖಪಟ್ಟಣದ ಹತ್ತಿರದ ಪರವಾಡದ ಕಡೆ ಎಲ್ಲರೂ ಮುಸಲಮ್ಮ ಎಂದೇ ಕರೆಯುತ್ತಿದ್ದರು. ತೆಲುಗಿನಲ್ಲಿ ಹಾಗೆಂದರೆ ಮುದುಕಿ. ಹೆಸರಿಟ್ಟವರು ಯಾರೋ, ಕೆಂಪಣ್ಣನಿಗೆ ಅದು ಹಿಡಿಸಿತ್ತು. ಮುದುಕಿಯರು ಗೊಣಗುತ್ತಾರೆ, ಬೈಯುತ್ತಾರೆ, ಆದರೆ ಹಿಡಿದ ಕೆಲಸ ಬಿಡುವುದಿಲ್ಲ. ಮೂರು ಸಲ ಹಳದಿ ಬಣ್ಣ ಬಳಿಸಿಕೊಂಡು, ನಾಲ್ಕು ಸಲ ಸೀಟಿನ ರೆಕ್ಸಿನ್ ಹೊಲಿಸಿಕೊಂಡ ಆ ಯಂತ್ರಕ್ಕೆ ಮೂವತ್ತಾರು ವರ್ಷ. ಅದರಲ್ಲಿ ಇಪ್ಪತ್ತೆರಡು ವರ್ಷ ಅದರ ಹೊಟ್ಟೆ ಬಿಚ್ಚಿ ಮುಚ್ಚಿದವನು ಕೆಂಪಣ್ಣ.

ಈ ಮುಸಲಮ್ಮ ಶುಕ್ರವಾರ ಸಂಜೆಯೊಳಗೆ ಬ್ಲೇಡಿನ ತುಂಬ ಮಣ್ಣು ತಳ್ಳಿಕೊಂಡು ದಿಬ್ಬ ಹತ್ತದಿದ್ದರೆ, ಶನಿವಾರ ವಿಜಯವಾಡದ ಆಟೋನಗರ್‌ನಿಂದ ಟ್ರೈಲರ್ ಬಂದು ಹೊತ್ತುಕೊಂಡು ಹೋಗುತ್ತದೆ ಎಂದು ಮಂಗಳವಾರ ತೀರ್ಮಾನವಾಯಿತು. ಹೊತ್ತುಕೊಂಡು ಹೋಗುವುದು ಓಡಿಸುವುದಕ್ಕಲ್ಲ, ಬಿಚ್ಚುವುದಕ್ಕೆ. ಇಂಜಿನ್ ಒಬ್ಬರಿಗೆ, ಪಂಪು ಇನ್ನೊಬ್ಬರಿಗೆ, ಉಳಿದ ಕಬ್ಬಿಣ ತೂಕಕ್ಕೆ.

ತೀರ್ಮಾನ ಹೇಳಿದವನು ಸುಮಂತ್, ಕಂಟ್ರಾಕ್ಟರರ ಮಗ. ತಂದೆಗೆ ಮಂಡಿನೋವು ಬಂದಮೇಲೆ ಸೈಟುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವನು ಅವನೇ. ಒಳ್ಳೆಯ ಹುಡುಗ, ಚಿಕ್ಕವನಿದ್ದಾಗ ಇದೇ ಡೋಜರಿನ ಸೀಟಿನಲ್ಲಿ ಕೆಂಪಣ್ಣನ ತೊಡೆಯ ಮೇಲೆ ಕೂತು ಲಿವರ್ ಎಳೆದವನು.

"ಕೆಂಪಣ್ಣಗಾರು, ನೀವೇ ಹೇಳಿ. ಹನ್ನೊಂದು ಗಂಟೆ ಆಯ್ತು ಅಂದ್ರೆ ಎಳೆಯೋಲ್ಲ. ನೀವು ಮೂರು ವಾರದಿಂದ ನೋಡ್ತಾನೇ ಇದೀರಿ. ಇನ್ನೇನು ಉಳಿದಿದೆ ನೋಡೋಕೆ?"

ಉಳಿದದ್ದು ಏನೆಂದು ಕೆಂಪಣ್ಣನಿಗೂ ಗೊತ್ತಿರಲಿಲ್ಲ.

ಕೆಂಪಣ್ಣನ ಊರು ನಾಗಮಂಗಲದ ಹತ್ತಿರ. ಹದಿನೆಂಟಕ್ಕೆ ಹೇಮಾವತಿ ನಾಲೆ ಕೆಲಸದಲ್ಲಿ ಡೋಜರುಗಳಿಗೆ ಗ್ರೀಸು ಹೊಡೆಯಲು ಸೇರಿದ. ಅಲ್ಲಿ ನರಸಿಂಹಮೂರ್ತಿ ಎಂಬ ಹಿರಿಯ ಮೆಕ್ಯಾನಿಕ್ ಇದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ, ಹಿಡಿ ಕಿವಿಗೆ ಇಟ್ಟು ಯಾವ ಬೇರಿಂಗು ಅಳುತ್ತಿದೆ ಎಂದು ಹೇಳುತ್ತಿದ್ದರು. ಇಳಿಸಿದ ಆಯಿಲನ್ನು ಎರಡು ಬೆರಳ ನಡುವೆ ಉಜ್ಜಿ ಮೂಸುತ್ತಿದ್ದರು. ಅವರದ್ದು ಇನ್ನೊಂದು ರೂಢಿಯಿತ್ತು. ಯಾವ ಗಾಡಿ ರಿಪೇರಿಗೆ ಬಂದರೂ, ಕಳಿಸುವ ಮುಂಚೆ ಕ್ಯಾಬಿನ್ನಿನ ಒಳಗಿನ ತಗಡಿಗೆ ಬಿಳಿ ಪೇಂಟಿನಲ್ಲಿ ಎರಡು ಮೂರು ಸಾಲು ಬರೆಯುತ್ತಿದ್ದರು. ನೀರು ನೋಡಿ ಸ್ಟಾರ್ಟ್ ಮಾಡು. ಇಳಿಯುವಾಗ ಬ್ಲೇಡು ನೆಲಕ್ಕಿಡು. "ಪುಸ್ತಕ ಕಳೆದುಹೋಗುತ್ತೆ ಕಣಯ್ಯ, ತಗಡು ಎಲ್ಲಿಗೆ ಹೋಗುತ್ತೆ?" ಎನ್ನುತ್ತಿದ್ದರು.

ಆ ಮೂರೂ ವಿದ್ಯೆಗಳನ್ನು ಕೆಂಪಣ್ಣ ಸುಮಂತನ ತಂದೆಯ ಹಿಂದೆ ವಿಶಾಖಪಟ್ಟಣಕ್ಕೆ ತಂದ. ಕಾರ್ಖಾನೆಗಳಿಗೆ ಜಾಗ ಸಮ ಮಾಡುವ ಕೆಲಸ. ಆರು ತಿಂಗಳಿಗೆಂದು ಬಂದವನು ಇಲ್ಲೇ ನಿಂತ. ಹೆಂಡತಿಯನ್ನು ಕರೆಸಿಕೊಂಡ, ಮಗಳು ತುಳಸಿಯನ್ನು ಇಲ್ಲೇ ಓದಿಸಿದ, ಹೆಂಡತಿ ಹೋದಮೇಲೆ ಗಾಜುವಾಕದಲ್ಲಿ ಮಗಳ ಮನೆಯಲ್ಲೇ ಉಳಿದ. ತುಳಸಿಗೆ ದ್ವಾರಕಾ ನಗರದ ಬ್ಯಾಂಕಿನಲ್ಲಿ ಕೆಲಸ, ಅಳಿಯ ಅನಿರುದ್ಧನಿಗೆ ಪರವಾಡದ ಔಷಧಿ ಕಂಪನಿಯಲ್ಲಿ ಪಾಳಿ. ಮೊಮ್ಮಗಳು ಇಂಚರಾ ಅಜ್ಜನ ಬೆರಳುಗಳ ಸಂದಿಯ ಕಪ್ಪನ್ನು ಇನ್ನೂ ಮಚ್ಚೆ ಎಂದೇ ತಿಳಿದಿದ್ದಳು.

ಮುಸಲಮ್ಮನ ಕಾಯಿಲೆ ಹೀಗಿತ್ತು. ಬೆಳಿಗ್ಗೆ ಏಳಕ್ಕೆ ಸ್ಟಾರ್ಟ್ ಮಾಡಿದರೆ ಚೆನ್ನಾಗಿಯೇ ಇರುತ್ತಾಳೆ. ಒಂಬತ್ತಕ್ಕೆ ಸ್ವಲ್ಪ ಮಂಕು. ಹನ್ನೊಂದಕ್ಕೆ ಬ್ಲೇಡಿಗೆ ಮಣ್ಣು ಸಿಕ್ಕಿದ ಕೂಡಲೇ ಇಂಜಿನ್ ಉಬ್ಬಸ ಬಂದಂತೆ ಕೆಮ್ಮಿ, ಗೇರು ಇದ್ದೂ ಗಾಡಿ ನಿಂತುಬಿಡುತ್ತದೆ. ಸೈಟು ಇದ್ದದ್ದು ಔಷಧಿ ಕಂಪನಿಗಳ ಹಿಂದಿನ ತಗ್ಗಿನಲ್ಲಿ. ಜವುಗು ನೆಲಕ್ಕೆ ಹಾರುಬೂದಿ, ಕೆಂಪು ಗ್ರಾವೆಲ್ಲು ತುಂಬಿ ಸಮ ಮಾಡುವುದು. ಒಂದು ಮೂಲೆಯಲ್ಲಿ ಲಾರಿಗಳು ಸುರಿದ ದಿಬ್ಬ. ಆ ದಿಬ್ಬ ಹತ್ತುವುದೇ ಪರೀಕ್ಷೆ.

ಕೆಂಪಣ್ಣ ಅನಕಾಪಲ್ಲಿಯ ಕ್ವಾರಿಯಲ್ಲಿ ಕಂಪನಿಯ ಬೇರೆ ಗಾಡಿಗಳನ್ನು ನೋಡಿಕೊಳ್ಳುತ್ತಿದ್ದ. ಪರವಾಡಕ್ಕೆ ಬರುತ್ತಿದ್ದುದು ಸರ್ವಿಸಿಗೆ ಮಾತ್ರ. ಈ ದೂರು ಬಂದಮೇಲೆ ಮೂರು ವಾರದಲ್ಲಿ ಏಳು ಸಲ ಬಂದ. ಎಳೆತ ಇಲ್ಲ ಎಂದರೆ ಮೊದಲು ಉಸಿರು ನೋಡಬೇಕು. ಏರ್ ಕ್ಲೀನರ್ ಬಿಚ್ಚಿ ಬಡಿದ. ಆಮೇಲೆ ಊಟ, ಡೀಸೆಲ್ ಫಿಲ್ಟರ್ ಬದಲಿಸಿದ, ಟ್ಯಾಂಕಿನ ಮುಚ್ಚಳದ ಗಾಳಿತೂತಿಗೆ ತಂತಿ ಚುಚ್ಚಿ ನೋಡಿದ, ಪೈಪುಗಳನ್ನು ಊದಿದ. ಬ್ರೇಕು ಅದುಮಿ, ಗೇರು ಹಾಕಿ, ಥ್ರಾಟಲ್ ಪೂರ್ತಿ ಕೊಟ್ಟು ಇಂಜಿನ್ ಎಷ್ಟು ಸುತ್ತುತ್ತದೆ ಎಂದು ಎಣಿಸಿದ, ಸರಿಯಾಗಿತ್ತು. ಗೇರ್‌ಬಾಕ್ಸಿನ ಪ್ರೆಷರಿಗೆ ಗೇಜು ಹಾಕಿದ, ಸರಿಯಾಗಿತ್ತು. ಆಯಿಲು ಬೆರಳಲ್ಲಿ ಉಜ್ಜಿ ಮೂಸಿದ. ಸುಟ್ಟ ವಾಸನೆ ಇಲ್ಲ, ಲೋಹದ ಹೊಳಪಿಲ್ಲ. ಸ್ಕ್ರೂಡ್ರೈವರ್ ಕಿವಿಗಿಟ್ಟ. ಮುದುಕಿಯ ಎದೆ ಗಡಿಯಾರದ ಹಾಗೆ ಬಡಿಯುತ್ತಿತ್ತು.

ಈ ಪರೀಕ್ಷೆಗಳೆಲ್ಲ ನಡೆದದ್ದು ಬೆಳಗಿನ ಹೊತ್ತು, ಶೆಡ್ಡಿನ ಕಾಂಕ್ರೀಟಿನ ಮೇಲೆ. ಕ್ವಾರಿಯ ಜೀಪು ಹತ್ತೂವರೆಗೆ ವಾಪಸು ಹೊರಡುತ್ತಿತ್ತು.

ಗಾಡಿ ಓಡಿಸುತ್ತಿದ್ದವನು ರಾಮ್‌ಪ್ರಸಾದ್. ಶ್ರೀಕಾಕುಳಂ ಕಡೆಯವನು, ಮೂವತ್ತೈದರ ಆಸುಪಾಸು. ಕಳೆದ ಯುಗಾದಿಗೆ ಮುಸಲಮ್ಮನಿಗೆ ಹೊಸ ಬಣ್ಣವಾದ ವಾರವೇ ಕೆಲಸಕ್ಕೆ ಬಂದಿದ್ದ. ಕೆಂಪಣ್ಣ ಇಷ್ಟು ವರ್ಷಗಳಲ್ಲಿ ನೋಡಿದ ಆಪರೇಟರುಗಳಲ್ಲಿ ಇವನಷ್ಟು ಅಚ್ಚುಕಟ್ಟಿನವನು ಇರಲಿಲ್ಲ. ಸಂಜೆ ಕೆಲಸ ಮುಗಿದರೆ ಚೈನಿನ ಸಂದಿಯ ಮಣ್ಣನ್ನೆಲ್ಲ ಸಲಿಕೆಯಲ್ಲಿ ಕೆರೆದು, ಪೈಪು ಹಿಡಿದು ತೊಳೆದೇ ಮನೆಗೆ ಹೋಗುವವನು. ಕ್ಯಾಬಿನ್ನಿನ ತಗಡಿನ ಮೇಲೆ, ಕೆಂಪಣ್ಣ ಬರೆದ ಸಾಲುಗಳ ಕೆಳಗೆ, ಅವನು ಸೀಮೆಸುಣ್ಣದಲ್ಲಿ ಹನ್ನೊಂದು ಗೆರೆ ಎಳೆದಿದ್ದ. ಏನೋ ಗ್ರೀಸು ಹೊಡೆದ ಲೆಕ್ಕ ಇರಬೇಕು, ಅಚ್ಚುಕಟ್ಟಿನ ಮನುಷ್ಯ ಎಂದುಕೊಂಡು ಕೆಂಪಣ್ಣ ಸುಮ್ಮನಿದ್ದ.

ಬುಧವಾರ ಸುಮಂತ್ ಮತ್ತೆ ಫೋನು ಮಾಡಿದ. ಆಟೋನಗರ್‌ನ ವೆಂಕಟೇಶನ ಹತ್ತಿರ ಮಾತಾಡಿದ್ದೇನೆ, ಗಾಡಿಯಲ್ಲಿ ಯಾವ ಯಾವ ಸಾಮಾನು ಚೆನ್ನಾಗಿದೆ ಎಂದು ನೀವೇ ಹೋಗಿ ಹೇಳಿ ಬನ್ನಿ, ನಿಮಗೆ ಪರಿಚಯದವನಲ್ಲವೇ ಎಂದ. ಆಗಲಿ ಬಾಬು, ಎಂದ ಕೆಂಪಣ್ಣ.

ಆ ಸಂಜೆ ತುಳಸಿ ಅಪ್ಪನ ಚೀಲ ತುಂಬುತ್ತಿದ್ದಳು. ಒಂದು ಜೊತೆ ಬಟ್ಟೆ, ಚಪಾತಿ, ಮಗುವನ್ನು ಒರೆಸುವ ವೈಪ್ಸಿನ ಒಂದು ಪೊಟ್ಟಣ. ಗ್ರೀಸು ಹೋಗುವುದಕ್ಕೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ ಎಂದು ಅವಳು ಬಾಣಂತನದಲ್ಲೇ ಕಂಡುಕೊಂಡಿದ್ದಳು.

"ತಾತಾ, ಎಕ್ಕಡಿಕಿ?" ಎಂದು ಇಂಚರಾ ಚೀಲದೊಳಗೆ ಕಾಲಿಟ್ಟು ನಿಂತಳು.

"ಎಲ್ಲಿಗೆ ಅನ್ನು ಮರಿ."

"ಎಲ್ಲಿಕಿ?"

ತುಳಸಿ ನಕ್ಕಳು. "ಬಿಡಪ್ಪ, ಬರುತ್ತೆ. ಮುಂದಿನ ನೆಲ ನಾಲ್ಕು ತುಂಬುತ್ತಲ್ಲ, ಬರೋ ವಾರದಿಂದ ಸಂಜೆ ಸಂಜೆ ಕೂರಿಸ್ಕೊಂಡು ಅಕ್ಷರ ಕಲಿಸ್ತೀನಿ."

"ಮೊದ್ಲು ನೀನು ಕಲ್ತ್ಕೋ. ನೆಲ ಅಲ್ಲ ಕಣವ್ವ, ತಿಂಗಳು. ನೆಲ ಅಂದ್ರೆ ಕಾಲ್ ಕೆಳಗಿರೋದು."

"ಅಯ್ಯೋ, ಬ್ಯಾಂಕಲ್ಲಿ ಇಡೀ ದಿನ ಅದೇ ಮಾತು, ನಾಲಿಗೆಗೆ ಬಂದುಬಿಡುತ್ತೆ." ಅವಳು ಮಗುವನ್ನು ಚೀಲದಿಂದ ಎತ್ತಿ ಕೆಳಗಿಳಿಸಿದಳು. "ಅಪ್ಪಾ, ಆ ಡೋಜರ್ ಹೋದ್ರೆ ನಿನಗೇನು ಕೆಲಸಕ್ಕೆ ತೊಂದರೆ ಇಲ್ಲ ಅಲ್ವಾ?"

"ಕೆಲ್ಸಕ್ಕೇನು. ಕ್ವಾರೀಲಿ ಇನ್ನೂ ನಾಕು ಗಾಡಿ ಅವೆ."

"ಮತ್ತೆ ಯಾಕೆ ಅನ್ನ ಹಾಗೇ ಬಿಟ್ಟಿದ್ದೀ?"

"ಎಲ್ಲಾ ಸರಿಯಾಗದೆ ಕಣವ್ವ ಅದ್ರಲ್ಲಿ. ಸರಿಯಾಗಿರೋದನ್ನ ಕೊಯ್ಯಕ್ಕೆ ಕೊಡೋದು ಎಂಗೆ? ಏನು ಕೆಟ್ಟದೆ ಅಂತ ಗೊತ್ತಾದ್ರೆ ನಾನೇ ಟ್ರೈಲರಿಗೆ ಹತ್ತುಸ್ತೀನಿ."

ಗುರುವಾರ ಬೆಳಗಿನ ರೈಲು ಹಿಡಿದು ಅವನು ವಿಜಯವಾಡ ತಲುಪುವಾಗ ಮಧ್ಯಾಹ್ನವಾಗಿತ್ತು. ಆಟೋನಗರ್‌ನಲ್ಲಿ ಯಾವ ಬೀದಿಗೆ ನುಗ್ಗಿದರೂ ಕಿವಿಗೆ ಮೊದಲು ಸಿಗುವುದು ಸುತ್ತಿಗೆ. ಒಂದು ಸಾಲಿಗೆ ಲಾರಿ ಬಾಡಿ, ಇನ್ನೊಂದು ಸಾಲಿಗೆ ರೇಡಿಯೇಟರು, ಮತ್ತೊಂದಕ್ಕೆ ಬರೀ ಸ್ಪ್ರಿಂಗ್ ಪಟ್ಟಿ. ವೆಂಕಟೇಶನ ಅಂಗಳ ಕೊನೆಯದು. ಅವನದು ಹಳೆಯ ಮಣ್ಣುಗಾಡಿಗಳನ್ನು ಕೊಂಡು, ಬಿಚ್ಚಿ, ಸಾಮಾನು ಮಾರುವ ಕೆಲಸ. ಎಣ್ಣೆ ಕುಡಿದು ಕಪ್ಪಾದ ನೆಲದ ಮೇಲೆ ಚೈನುಗಳು ಸುರುಳಿ ಸುತ್ತಿಕೊಂಡು ಮಲಗಿದ್ದವು.

"ರಂಡಿ ರಂಡಿ ಮೇಸ್ತ್ರಿಗಾರು," ಎಂದು ತೆಲುಗಿನಲ್ಲಿ ಬರಮಾಡಿಕೊಂಡು ವೆಂಕಟೇಶ ಪ್ಲಾಸ್ಟಿಕ್ ಕುರ್ಚಿಯನ್ನು ಟವೆಲಿನಲ್ಲಿ ಒರೆಸಿ ಕೊಟ್ಟ. ಇಪ್ಪತ್ತು ವರ್ಷದ ಪರಿಚಯದಲ್ಲಿ ಇಬ್ಬರಿಗೂ ಒಂದು ಕಲಬೆರಕೆ ಭಾಷೆ ಹುಟ್ಟಿತ್ತು. ಮೂರು ಮಾತು ತೆಲುಗು, ಒಂದು ಮಾತು ಕನ್ನಡ. "ಏನು, ಕೊನೆಗೂ ನಿಮ್ಮ ಮುಸಲಮ್ಮನ್ನ ನನ್ನ ಮನೆಗೆ ಕಳಿಸ್ತಾ ಇದೀರಿ. ಮಡಿಲು ತುಂಬಿ ಕಳಿಸ್ತೀರೋ, ಬರಿಗೈಲೋ?"

"ನೀನು ಸೀರೆ ಬಿಚ್ಚೋ ಅಳಿಯ, ಮಡಿಲು ತುಂಬಿ ಏನು ಮಾಡ್ಲಿ? ಬರ್ಕೋ."

ಕೆಂಪಣ್ಣ ಜೇಬಿನಿಂದ ಚೀಟಿ ತೆಗೆದು ಓದಿದ. ಇಂಜಿನ್, ಚೆನ್ನಾಗಿದೆ. ಹೋದ ವರ್ಷ ಪಿಸ್ಟನ್ ರಿಂಗ್ ಹಾಕಿದ್ದು. ಡೀಸೆಲ್ ಪಂಪು, ಚೆನ್ನಾಗಿದೆ. ಕನ್ವರ್ಟರು, ಚೆನ್ನಾಗಿದೆ. ಗೇರ್‌ಬಾಕ್ಸು, ಚೆನ್ನಾಗಿದೆ. ಸ್ಟೀರಿಂಗ್ ಕ್ಲಚ್ಚು ಎರಡೂ ಚೆನ್ನಾಗಿವೆ. ಹೈಡ್ರಾಲಿಕ್ ಪಂಪು ಚೆನ್ನಾಗಿದೆ.

ವೆಂಕಟೇಶ ಬರೆಯುವುದನ್ನು ನಿಲ್ಲಿಸಿ ಪೆನ್ನು ಕಿವಿಗೆ ಸಿಕ್ಕಿಸಿಕೊಂಡ.

"ಮೇಸ್ತ್ರಿಗಾರು, ಒಂದು ಕೇಳಲಾ? ಎಲ್ಲಾ ಚೆನ್ನಾಗಿದ್ರೆ, ಸತ್ತಿದ್ದು ಏನು?"

"ಎಳೆಯಲ್ಲ."

"ಯಾವುದು ಎಳೆಯಲ್ಲ? ನೀವು ಹೇಳಿದ ಸಾಮಾನಿನಲ್ಲಿ ಎಳೆಯದೇ ಇರೋದು ಯಾವುದು? ಹೇಳಿ, ಅದನ್ನ ಬಿಟ್ಟು ಮಿಕ್ಕಿದ್ದು ಬರ್ಕೋತೀನಿ."

ಕೆಂಪಣ್ಣ ಚೀಟಿಯನ್ನು ಮತ್ತೊಮ್ಮೆ ನೋಡಿದ. ಅದರಲ್ಲಿ ಎಲ್ಲವೂ ಇತ್ತು. ಗಾಡಿಯ ಸೊಂಟದಿಂದ ಮೇಲಿನದೆಲ್ಲ. ಸೊಂಟದ ಕೆಳಗಿನ ಚೈನು, ಚಕ್ರ ಯಾವುದೂ ಇರಲಿಲ್ಲ. ಅದು ದಿನದಿನದ ಕೆಲಸ, ಆಪರೇಟರನದು, ಆಪರೇಟರ್ ರಾಮ್‌ಪ್ರಸಾದ್, ಮತ್ತು ಹೇಗೆ ಮಾಡಬೇಕೆಂದು ತಗಡಿನ ಮೇಲೆ ಕೆಂಪಣ್ಣನದೇ ಅಕ್ಷರ ಇತ್ತು. ಹಾಗಾಗಿ ಅವನ ಕಣ್ಣು ಅತ್ತ ಹೋಗಿರಲೇ ಇಲ್ಲ.

ಅವನು ಎದ್ದು ಅಂಗಳದಲ್ಲಿ ನಡೆದಾಡಿದ. ಗೋಡೆಗೆ ಒರಗಿಸಿದ್ದ ಒಂದು ಹಳೆಯ ಹಲ್ಲುಚಕ್ರದ ಮುಂದೆ ನಿಂತ. ಡೋಜರಿನ ಹಿಂದೆ ಕೂತು ಚೈನನ್ನು ಎಳೆಯುವ ಸ್ಪ್ರಾಕೆಟ್ ಅದು. ಹಲ್ಲುಗಳು ಒಂದೇ ಕಡೆಗೆ ಸವೆದು, ಮೀನಿನ ಗಾಳದ ಹಾಗೆ ಬಾಗಿ, ಸವೆದ ಮುಖ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

"ಇದಕ್ಕೇನಾಗಿತ್ತು?"

"ಅದಾ? ಭೀಮಾವರಂ ಕಡೆ ಮೀನಿನ ಕೆರೆ ತೋಡೋ ಗಾಡಿ. ಕೆಸರಿನಲ್ಲಿ ಚೈನು ಬಿಗಿಯಾಗಿ ಇಟ್ಟು ಓಡ್ಸಿದಾರೆ. ತಿಂದು ಹಾಕಿದೆ."

ಕೆಂಪಣ್ಣ ಆ ಹೊಳಪಿನ ಮೇಲೆ ಹೆಬ್ಬೆರಳು ಆಡಿಸಿದ. ಇಂಥದೇ ಹೊಳಪು ಹದಿನೈದು ದಿನದ ಹಿಂದೆ ಮುಸಲಮ್ಮನ ಹಿಂದೆ ಬಗ್ಗಿ ಪೈಪು ಊದುವಾಗ ಕಣ್ಣಿಗೆ ಬಿದ್ದಿತ್ತು. ರಾಮ್‌ಪ್ರಸಾದ್ ಎಷ್ಟು ಚೆನ್ನಾಗಿ ತೊಳೆದಿದ್ದಾನೆ ಎಂದು ಆಗ ಅವನು ಮನಸ್ಸಿನಲ್ಲೇ ಮೆಚ್ಚಿಕೊಂಡಿದ್ದ.

ಅಲ್ಲೇ ನಿಂತು ಫೋನು ಮಾಡಿದ. "ರಾಮ್‌ಪ್ರಸಾದೂ, ನಾಳೆ ಬೆಳಿಗ್ಗೆಯಿಂದ ಗಾಡಿ ಓಡ್ಸು. ಎಷ್ಟು ಹೊತ್ತು ಎಳೀತದೋ ಅಷ್ಟು ಹೊತ್ತು ಓಡ್ಸು. ನಿಂತ ಮೇಲೆ ಚೈನು ತೊಳೀಬ್ಯಾಡ. ಒಂದು ತೊಟ್ಟು ನೀರು ಹಾಕ್ಬ್ಯಾಡ. ನಾನು ಬರೋಗಂಟ ಎಂಗದೋ ಅಂಗೇ ಬುಡು."

"ತೊಳೀಬಾರ್ದಾ?" ಎಂದು ರಾಮ್‌ಪ್ರಸಾದ್ ಎರಡು ಸಲ ಕೇಳಿದ. ಅವನಿಗೆ ಅದು ಸ್ನಾನ ಮಾಡಬೇಡ ಎಂದ ಹಾಗೆ ಕೇಳಿಸಿರಬೇಕು.

ಫೋನು ಜೇಬಿಗಿಟ್ಟು ಕೆಂಪಣ್ಣ ವೆಂಕಟೇಶನತ್ತ ತಿರುಗಿದ. "ನಿನ್ನ ಟ್ರೈಲರ್ ಶನಿವಾರ ಖಾಲಿ ತಾನೇ ಬರೋದು?"

"ಖಾಲಿನೇ."

"ಖಾಲಿ ಯಾಕೆ ಬರ್ಬೇಕು? ನಮ್ಮ ಗಾಡಿಗೆ ಹೊಂದೋ ಒಳ್ಳೇ ಸ್ಪ್ರಾಕೆಟ್ ಒಂದು ಜೊತೆ ಹಾಕಿ ಕಳ್ಸು."

ವೆಂಕಟೇಶ ಹೊಟ್ಟೆ ಕುಣಿಸಿ ನಕ್ಕ. "ಹೆಣ ಎತ್ತೋಕೆ ಬರೋ ಗಾಡೀಲಿ ಔಷಧಿ ತರಿಸ್ಕೋತಾ ಇದೀರಲ್ಲ!"

"ಹೆಣ ಅಂತ ಹೇಳಿದ್ದು ನಿಂಗೆ ಯಾರು? ನೀನೇ ಕೇಳ್ದೆ, ಸತ್ತಿದ್ದು ಏನು ಅಂತ."

ಆ ಮಾತಿನಲ್ಲಿ ಇದ್ದಷ್ಟು ಧೈರ್ಯ ಅವನ ಹೊಟ್ಟೆಯಲ್ಲಿ ಇರಲಿಲ್ಲ. ಆಟೋನಗರ್‌ನ ಲಾಡ್ಜಿನಲ್ಲಿ ಉಳಿದು, ಶುಕ್ರವಾರ ಬೆಳಗಿನ ರೈಲು ಹತ್ತಿದಾಗ, ದಾರಿಯುದ್ದಕ್ಕೂ ಒಂದೇ ಮಾತು ಅವನನ್ನು ಕೊರೆಯಿತು. ಚೈನು ಬಿಗಿಯಾಗಿದ್ದರೆ ಬಿಗಿಸಿದವರು ಯಾರು? ತಾನಾಗಿ ಅದು ಸಡಿಲವಾಗುತ್ತದೆಯೇ ಹೊರತು ಬಿಗಿಯಾಗುವುದಿಲ್ಲ. ಸ್ಟೇಷನ್ನಿನಲ್ಲಿ ಇಳಿದವನು ಮನೆಗೂ ಹೋಗದೆ ಸೀದಾ ಪರವಾಡದ ಬಸ್ಸು ಹಿಡಿದ.

ಅವನು ಸೈಟಿಗೆ ಬಂದಾಗ ಮೂರು ಗಂಟೆ. ಮುಸಲಮ್ಮ ದಿಬ್ಬದ ಬುಡದಲ್ಲಿ ನಿಂತಿದ್ದಳು. ಚೈನಿನ ಸಂದುಗಳಲ್ಲೆಲ್ಲ ಬೂದಿ ಮತ್ತು ಕೆಂಪು ಮಣ್ಣು ರಾಗಿಮುದ್ದೆಯ ಹಾಗೆ ಗಟ್ಟಿಯಾಗಿ ಕೂತಿತ್ತು. ರಾಮ್‌ಪ್ರಸಾದ್ ನಾಚಿಕೆಯಿಂದ ದೂರ ನಿಂತಿದ್ದ.

"ಹತ್ತು," ಎಂದ ಕೆಂಪಣ್ಣ. "ಮುಂದಕ್ಕೆ ಹತ್ತು ಮಾರು ಬಾ. ಆಮೇಲೆ ನ್ಯೂಟ್ರಲ್ ಮಾಡಿ ಕೈ ಬಿಡು. ಬ್ರೇಕು ಮುಟ್ಬ್ಯಾಡ."

ಆರೋಗ್ಯವಾಗಿರುವ ಡೋಜರು ಹಾಗೆ ಬಿಟ್ಟರೆ ಸ್ವಲ್ಪ ದೂರ ತಾನೇ ಉರುಳಿಕೊಂಡು ಹೋಗಿ ನಿಲ್ಲಬೇಕು. ಮುಸಲಮ್ಮ ನ್ಯೂಟ್ರಲ್ ಬಿದ್ದ ಕ್ಷಣವೇ, ಯಾರೋ ಸೆರಗು ಹಿಡಿದು ಎಳೆದಂತೆ, ಗಕ್ಕನೆ ನಿಂತಳು.

ಕೆಂಪಣ್ಣ ಒಂದು ನೇರವಾದ ಕಬ್ಬಿಣದ ಸರಳು ತಂದು ಚೈನಿನ ಮೇಲೆ, ಮುಂದಿನ ಚಕ್ರದಿಂದ ನಡುವಿನ ಉರುಳೆಯವರೆಗೆ ಇಟ್ಟ. ಸರಳಿಗೂ ಚೈನಿಗೂ ನಡುವೆ ಮೂರು ಬೆರಳು ಜೋಲು ಇರಬೇಕು. ಅವನು ಬೆರಳು ತೂರಿಸಲು ನೋಡಿದ. ಕಿರುಬೆರಳಿನ ಉಗುರು ಕೂಡ ಹೋಗಲಿಲ್ಲ. ಎರಡು ಕಡೆಯೂ ಚೈನು ವೀಣೆಯ ತಂತಿಯ ಹಾಗೆ ಬಿಗಿದಿತ್ತು. ಇಂಜಿನ್ನಿನ ಬಲದಲ್ಲಿ ಅರ್ಧ ತನ್ನ ಚೈನನ್ನೇ ಎಳೆಯುವುದಕ್ಕೆ ಹೋಗುತ್ತಿತ್ತು.

ಲೆಕ್ಕ ಹೊಂದಿಕೊಂಡಿತು. ಸಂಜೆ ತೊಳೆಯುತ್ತಾನೆ, ಬೆಳಿಗ್ಗೆ ಒಂದಿಷ್ಟು ಜಾಗವಿರುತ್ತದೆ, ಗಾಡಿ ಓಡುತ್ತದೆ. ಹನ್ನೊಂದರ ಹೊತ್ತಿಗೆ ಮಣ್ಣು ಕೂತು ಆ ಜಾಗವೂ ತುಂಬಿಹೋಗುತ್ತದೆ.

"ರಾಮ್‌ಪ್ರಸಾದೂ, ಇದನ್ನ ಇಷ್ಟು ಟೈಟು ಮಾಡಿದ್ದು ಯಾರು?"

"ನಾನೇ ಮೇಸ್ತ್ರಿಗಾರು." ಅವನ ಮುಖದಲ್ಲಿ ಅಪರಾಧವಿರಲಿಲ್ಲ. ಪಾಠ ಒಪ್ಪಿಸುವ ಮಗುವಿನ ಹಾಗೆ ಹೇಳಿದ. "ತಪ್ಪಿಸೇ ಇಲ್ಲ. ಪ್ರತಿ ಒಂದನೇ ತಾರೀಕು, ಆ ಕಡೆ ಆರು ಪಂಪು ಗ್ರೀಸು, ಈ ಕಡೆ ಆರು ಪಂಪು. ಗೆರೆ ಹಾಕಿದೀನಲ್ಲ, ಹನ್ನೊಂದು."

"ಒಂದನೇ ತಾರೀಕಾ? ಹಂಗಂತ ಯಾರು ಹೇಳಿದ್ದು?"

ರಾಮ್‌ಪ್ರಸಾದ್ ಅವನ ಮುಖವನ್ನೇ ನೋಡಿದ. "ನೀವೇ ಬರೆದಿದ್ದೀರಲ್ಲ."

ಇಬ್ಬರೂ ಕ್ಯಾಬಿನ್ನಿಗೆ ಹತ್ತಿದರು. ಬಿಳಿ ಪೇಂಟಿನಲ್ಲಿ, ಕೆಂಪಣ್ಣನ ಗುಂಡಗಿನ ಅಕ್ಷರದಲ್ಲಿ ಮೂರನೆಯ ಸಾಲು: ನೆಲ ನೋಡಿ ಚೈನು ಬಿಗಿಸು.

ರಾಮ್‌ಪ್ರಸಾದ್ ಬೆರಳಿಟ್ಟು ಓದಿದ. ಕನ್ನಡದ ಅಕ್ಷರಗಳು ತೆಲುಗಿನ ಅಕ್ಷರಗಳ ಅಕ್ಕತಂಗಿಯರಂತೆಯೇ ಇರುವುದರಿಂದ ಅವನಿಗೆ ಓದುವುದು ಕಷ್ಟವಾಗಿರಲಿಲ್ಲ. 'ನೋಡಿ' ಎಂದರೆ ಏನೆಂದು ಕೆಂಪಣ್ಣನ ಬಾಯಿಂದಲೇ ಕಲಿತಿದ್ದ. 'ಬಿಗಿಸು' ಎಂಬುದು ಅವನ ಭಾಷೆಯಲ್ಲೂ ಹೆಚ್ಚು ಕಮ್ಮಿ ಅದೇ. ಇನ್ನು 'ನೆಲ' ಅವನದೇ ಮಾತು, ಅದಕ್ಕೆ ಯಾರನ್ನು ಕೇಳಬೇಕು? ತೆಲುಗಿನಲ್ಲಿ ನೆಲ ಎಂದರೆ ತಿಂಗಳು. ತಿಂಗಳು ನೋಡಿ ಚೈನು ಬಿಗಿಸು. ಅವನು ಕ್ಯಾಲೆಂಡರ್ ನೋಡಿ ಬಿಗಿಸಿದ್ದ.

ಕೆಂಪಣ್ಣ ಸೀಟಿನ ಮೇಲೆ ಕೂತುಬಿಟ್ಟ. ಗಟ್ಟಿ ನೆಲವೋ, ಕೆಸರು ನೆಲವೋ ನೋಡಿಕೊಂಡು, ಕೆಸರಾದರೆ ಸಡಿಲ ಬಿಡು ಎಂಬುದು ಆ ಸಾಲಿನ ಅರ್ಥ. ನಾಲೆಯ ಕೆಲಸದಲ್ಲಿ ನರಸಿಂಹಮೂರ್ತಿಗಳು ಇದೇ ಸಾಲನ್ನು ನೂರು ಗಾಡಿಗೆ ಬರೆದಿದ್ದರು, ಯಾರೂ ತಪ್ಪು ಓದಿರಲಿಲ್ಲ. ಇಲ್ಲಿನ ಹಿಂದಿನ ಆಪರೇಟರುಗಳಿಗೆ ಕೆಂಪಣ್ಣನೇ ಪಕ್ಕದಲ್ಲಿ ನಿಂತು ಬಾಯಲ್ಲಿ ಹೇಳಿಕೊಟ್ಟಿದ್ದ. ಎರಡು ನೆಲಗಳೂ ಕೆಂಪಣ್ಣನಿಗೆ ಗೊತ್ತಿದ್ದವು. ಮೊನ್ನೆ ತಾನೇ ಮಗಳನ್ನು ತಿದ್ದಿದ್ದ. ಒಂದು ಮನೆಯಲ್ಲಿ ಆಡುವುದು, ಇನ್ನೊಂದು ಬೀದಿಯಲ್ಲಿ ಆಡುವುದು; ಎರಡೂ ಒಂದೇ ತಗಡಿನ ಮೇಲೆ ಎದುರಾಗುತ್ತವೆ ಎಂದು ಅವನಿಗೆ ಹೊಳೆದಿರಲಿಲ್ಲ.

"ಏಮೈಂದಿ, ಏನಾಯ್ತು ಮೇಸ್ತ್ರಿಗಾರು? ತಪ್ಪು ಮಾಡಿದ್ನಾ?"

"ನೀನಲ್ಲ. ಸ್ಪ್ಯಾನರ್ ತಗೊಂಬಾ."

ಚೈನು ಸಡಿಲಿಸುವುದು ದೊಡ್ಡ ಕೆಲಸವಲ್ಲ, ಅಪಾಯದ ಕೆಲಸ. ಮುಂದಿನ ಚಕ್ರವನ್ನು ದೂಡಿ ಹಿಡಿದಿರುವುದು ಒಂದು ಕೊಳವೆಯೊಳಗೆ ತುಂಬಿದ ಗ್ರೀಸು. ಅದರ ವಾಲ್ವನ್ನು ಒಂದೇ ಸಲಕ್ಕೆ ಬಿಚ್ಚಿದರೆ ಗುಂಡಿನ ಹಾಗೆ ಹಾರುತ್ತದೆ. ಕೆಂಪಣ್ಣ ರಾಮ್‌ಪ್ರಸಾದನನ್ನು ಹಿಂದಕ್ಕೆ ಸರಿಸಿ, ತಾನು ಪಕ್ಕಕ್ಕೆ ನಿಂತು, ಮುಖ ತಿರುಗಿಸಿ, ಒಂದೇ ಒಂದು ಸುತ್ತು ತಿರುಗಿಸಿದ. ಮೊದಲು ಏನೂ ಆಗಲಿಲ್ಲ. ಆಮೇಲೆ ಹಳದಿ ಗ್ರೀಸು ಶ್ಯಾವಿಗೆಯ ಹಾಗೆ ಸುರುಳಿ ಸುರುಳಿಯಾಗಿ ಹೊರಬಂತು. ಹನ್ನೊಂದು ತಿಂಗಳ ಗ್ರೀಸು. ಗಾಡಿಯನ್ನು ಹಿಂದೆ ಮುಂದೆ ಆಡಿಸಿ, ಮತ್ತೆ ಸರಳಿಟ್ಟು, ಮತ್ತೆ ಬಿಟ್ಟು, ಎರಡೂ ಕಡೆ ಮೂರು ಬೆರಳು ಹಿಡಿಸುವ ಹೊತ್ತಿಗೆ ನಾಲ್ಕೂವರೆ. ಮಣ್ಣನ್ನು ಬೇಕೆಂದೇ ತೆಗೆಯಲಿಲ್ಲ. ಯಾವ ಮಣ್ಣಿನಲ್ಲಿ ಕೆಲಸವೋ ಆ ಮಣ್ಣು ಕೂತಿರುವಾಗಲೇ ಅಳೆಯಬೇಕು.

ಸುಮಂತ್ ಬಂದದ್ದು ಆಗ. ಕಾರಿನಿಂದ ಇಳಿದು ಕೈಕಟ್ಟಿ ನಿಂತ.

ರಾಮ್‌ಪ್ರಸಾದ್ ಬ್ಲೇಡು ಇಳಿಸಿದ. ಮಣ್ಣು ಬ್ಲೇಡಿನ ಮುಂದೆ ಉರುಳಿ ಉರುಳಿ ಎದ್ದು, ಅಂಚಿನವರೆಗೆ ತುಂಬಿತು. ದಿಬ್ಬದ ಬುಡದಲ್ಲಿ ಇಂಜಿನ್ ಸದ್ದು ಒಂದು ಕ್ಷಣ ಕುಗ್ಗಿತು. ಕೆಂಪಣ್ಣ ಕಣ್ಣು ಮುಚ್ಚಲಿಲ್ಲ, ದೇವರನ್ನೂ ನೆನೆಯಲಿಲ್ಲ; ಚೈನಿನ ಮೇಲ್ಭಾಗ ಸಣ್ಣಗೆ ಜೋಲಾಡುವುದನ್ನೇ ನೋಡುತ್ತಿದ್ದ. ಸದ್ದು ಮತ್ತೆ ಏರಿತು. ಮುಸಲಮ್ಮ ಗೊಣಗುತ್ತ ದಿಬ್ಬ ಹತ್ತಿದಳು, ಮೇಲೆ ಮಣ್ಣು ಚೆಲ್ಲಿದಳು, ಹಿಂದಕ್ಕೆ ಇಳಿದು ಬಂದಳು. ಎರಡನೆಯ ಸಲ, ಮೂರನೆಯ ಸಲ. ಹಿಂದಿನಿಂದ ಮಾತ್ರ ಪ್ರತಿ ಸುತ್ತಿಗೂ ಕಟ್ ಎಂಬ ಒಂದು ಸದ್ದು ಬರುತ್ತಿತ್ತು.

"ಆ ಸದ್ದೇನು?" ಎಂದ ಸುಮಂತ್.

"ಚೈನು ತೀರಾ ಬಿಗಿಯಾಗಿ ಸ್ಪ್ರಾಕೆಟ್ ಹಲ್ಲು ಸವೆದಿದೆ ಬಾಬು. ನಾಳೆ ಟ್ರೈಲರಲ್ಲಿ ಬೇರೆದು ಬರ್ತದೆ. ಎರಡು ದಿನದ ಕೆಲಸ."

"ಚೈನು ಇಷ್ಟು ಬಿಗಿಯಾಗಿತ್ತು ಅಂದ್ರಿ. ಬಿಗಿಸಿದ್ದು ಯಾರು?" ಸುಮಂತ್ ರಾಮ್‌ಪ್ರಸಾದನ ಕಡೆ ತಿರುಗಿದ. ಗಾಡಿಯಿಂದ ಇಳಿಯುತ್ತಿದ್ದ ರಾಮ್‌ಪ್ರಸಾದ್ ಮೆಟ್ಟಿಲ ಮೇಲೇ ನಿಂತ. ತಗಡಿನ ಮೇಲಿನ ಸಾಲು ಅವನ ಬೆನ್ನಿಗೇ ಇತ್ತು. ಅವನು ಅದರ ಕಡೆ ಕೈ ತೋರಿಸಲಿಲ್ಲ. ನೆಲ ನೋಡಿದ.

ಸುಮ್ಮನಿದ್ದುಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಆಪರೇಟರನ ತಪ್ಪು ಎಂದರೆ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ನಲವತ್ತು ವರ್ಷದಲ್ಲಿ ಕೆಂಪಣ್ಣ ತಾನು ಬರೆದದ್ದು ತಪ್ಪು ಎಂದು ಹೇಳಿಸಿಕೊಂಡಿರಲಿಲ್ಲ. ಅವನು ತುಳಸಿ ಕೊಟ್ಟ ವೈಪ್ಸಿನಿಂದ ಒಂದೊಂದೇ ಬೆರಳು ಒರೆಸಿಕೊಂಡ.

"ನಾನು," ಎಂದ. "ಬನ್ನಿ, ತೋರುಸ್ತೀನಿ."

ಸುಮಂತ್ ಕ್ಯಾಬಿನ್ನಿಗೆ ಹತ್ತಿ ಆ ಸಾಲನ್ನು ಓದಿದ, ಅವನೂ ತಿಂಗಳು ಎಂದೇ ಓದಿದ. ವಿವರಿಸಿದ ಮೇಲೆ, "ಇದನ್ನ ನಮ್ಮ ಅಪ್ಪನಿಗೆ ಏನಂತ ಹೇಳ್ಲಿ?" ಎಂದ.

"ಕೆಂಪಣ್ಣ ತಪ್ಪು ಬರೆದಿದ್ದ ಅಂತ ಹೇಳಿ."

"ತಪ್ಪೇನು ಬರೆದಿಲ್ವಲ್ಲ. ನಿಮ್ಮ ಭಾಷೇಲಿ ಸರಿಯಾಗೇ ಇದೆಯಲ್ಲ."

"ಓಡ್ಸೋನು ಅವನಲ್ವಾ ಬಾಬು."

ಶನಿವಾರ ಟ್ರೈಲರ್ ಬಂತು. ಡ್ರೈವರ್ ಎರಡು ಸ್ಪ್ರಾಕೆಟ್ ಇಳಿಸಿ, ಸವೆದ ಎರಡನ್ನು ಹೇರಿಸಿಕೊಂಡು, ಇಷ್ಟಕ್ಕಾ ಇಷ್ಟು ದೊಡ್ಡ ಗಾಡಿ ಎಂದು ಬೈದುಕೊಂಡು ಹೋದ. ಸೋಮವಾರ ಹೊಸ ಹಲ್ಲುಗಳು ಕೂತವು. ಮುಂದಿನ ಒಂದನೇ ತಾರೀಕು ರಾಮ್‌ಪ್ರಸಾದ್ ಚೈನಿಗೆ ಗ್ರೀಸು ಹೊಡೆಯದೆ ಅನಕಾಪಲ್ಲಿಗೆ ಫೋನು ಮಾಡಿದ.

"ಮೇಸ್ತ್ರಿಗಾರು, ಶುಭವಾರ್ತೆ. ಈ ಸಲ ನಮ್ಮ ಮುಸಲಮ್ಮ ನೆಲ ತಪ್ಪಿದಳು!"

ತೆಲುಗಿನವರು ಆ ಮಾತು ಆಡುವುದು ಸೊಸೆ ಬಸುರಿಯಾದಾಗ. ಕ್ವಾರಿಯ ಗದ್ದಲದ ನಡುವೆ ಕೆಂಪಣ್ಣ ಬಿದ್ದು ಬಿದ್ದು ನಕ್ಕ.

ಅದಕ್ಕೂ ಮುಂಚೆ, ಸ್ಪ್ರಾಕೆಟ್ ಕೂರಿಸಿದ ಸೋಮವಾರವೇ ಅವನು ಇನ್ನೊಂದು ಕೆಲಸ ಮುಗಿಸಿದ್ದ. ಸಣ್ಣ ಬ್ರಷ್ಷು, ಬಿಳಿ ಪೇಂಟು ತೆಗೆದುಕೊಂಡು ಕ್ಯಾಬಿನ್ನಿಗೆ ಹತ್ತಿ, ಮೂರನೆಯ ಸಾಲಿನ ಮುಂದೆ ಕೂತ. ಅಳಿಸಿ ಬೇರೆ ಬರೆಯೋಣವೆಂದುಕೊಂಡಿದ್ದ. ಆಮೇಲೆ ರಾಮ್‌ಪ್ರಸಾದನನ್ನು ಕೇಳಿದ, "ಕಾಲ್ ಕೆಳಗಿರೋದಕ್ಕೆ ನೀವೇನಂತೀರಿ?" "ನೇಲ," ಎಂದ ಅವನು, ನೇ ಎಳೆದು. ಗೊತ್ತಿದ್ದದ್ದೇ; ಆದರೂ ಅವನ ಬಾಯಿಂದ ಬರಲಿ ಎಂದು ಕೇಳಿದ್ದು. ಕೆಂಪಣ್ಣ 'ನೆ' ಅಕ್ಷರದ ಪಕ್ಕ ಒಂದು ದೀರ್ಘ ಎಳೆದ. ಅಷ್ಟೇ.

ಅದರ ಫೋಟೋ ತುಳಸಿಗೆ ಕಳಿಸಿದ. ಅವಳು ಬ್ಯಾಂಕಿನಿಂದ ಬಂದು, ಇಂಚರಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಸ್ಲೇಟಿನ ಮೇಲೆ ಅ ಆ ತಿದ್ದಿಸುತ್ತ, ಫೋನು ನೋಡಿದಳು.

"ಅಪ್ಪಾ, ಕಾಗುಣಿತ ತಪ್ಪು. ನೆಲಕ್ಕೆ ದೀರ್ಘ ಎಲ್ಲಿಂದ ಬಂತು?"

"ಇರ್ಲಿ ಬುಡವ್ವ," ಎಂದ ಕೆಂಪಣ್ಣ, ಊಟದ ತಟ್ಟೆ ಎಳೆದುಕೊಳ್ಳುತ್ತ. "ಮಗಿಗೆ ನೀನು ಸರಿಯಾಗಿ ಕಲ್ಸು. ಮುದುಕಿಗೆ ಇಂಗೇ ಸರಿ."